ಕೈಕುಲುಕಿ ಕೆಟ್ಟ, ಟ್ರ್ಯಾಕ್ಟರ್ ಕೊಟ್ಟ: ಹ್ಯಾರಿ ಫರ್ಗ್ಯೂಸನ್ ಎಂಬ ರೈತನ ಮಗ

ಮಡ್ಕಯಿ (ಗೋವಾ): ಕುಠ್ಠಾಳಿಗೆ ಹೋಗುವ ಫೆರಿಗಾಗಿ ಮಡ್ಕಯಿ ದಡದಲ್ಲಿ ಕಾಯುತ್ತ ನಿಂತವರಿಗೆ ಜುವಾರಿ ನದಿಯ ಉಪ್ಪುಗಾಳಿಯ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು, ಬೈಕಿನ ಸ್ಪೋಕು, ಪಂಪ್‌ಸೆಟ್ಟಿನ ವೈರು, ಯಾವುದನ್ನೂ ಅದು ಬಿಡುವುದಿಲ್ಲ. ಊರಿನ ಖಾಜನ್ ಗದ್ದೆಗಳ ಕಥೆಯೂ ಅದೇ. ಬಾಂಧ್ ಕಟ್ಟಿ, ಮಾನಸ್ ಎಂಬ ತೂಬಿನ ಬಾಗಿಲು ಇಟ್ಟು, ಉಬ್ಬರದ ನೀರನ್ನು ಹೊರಗೇ ತಡೆದು ಭತ್ತ ಬೆಳೆಯುವ ನೆಲ ಅದು. ಅಲ್ಲಿ ಕಬ್ಬಿಣಕ್ಕೆ ಆಯಸ್ಸು ಕಡಿಮೆ.

ಇಂಥ ಕಡೆ ಹಳೆಯ ಟ್ರ್ಯಾಕ್ಟರ್ ಇಟ್ಟುಕೊಂಡವರ ಬಾಯಲ್ಲಿ ಕೇಳಿಬರುವ ದೂರು ಮುಖ್ಯವಾಗಿ ಎರಡು. ಒಂದು, ಸೆಲ್ಫ್ ಹೊಡೆಯುತ್ತಿಲ್ಲ. ಇನ್ನೊಂದು, ಲಿಫ್ಟ್ ಏಳುತ್ತಿಲ್ಲ. ಖಾನಾಪುರದಲ್ಲಾಗಲಿ, ಹಳಿಯಾಳದಲ್ಲಾಗಲಿ, ಫೋಂಡಾದ ಗ್ಯಾರೇಜಿನಲ್ಲಾಗಲಿ, ಮಿಸ್ತ್ರಿಗೆ ಈ ಎರಡು ಮಾತು ಹೇಳಿದರೆ ಸಾಕು. ಭಾಷೆ ಕನ್ನಡವೋ ಕೊಂಕಣಿಯೋ ಮರಾಠಿಯೋ ಎಂಬುದು ಅಲ್ಲಿ ಮುಖ್ಯವಾಗುವುದೇ ಇಲ್ಲ.

ಆ ಎರಡನೆಯ ದೂರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಎರಡು ತೋಳು ಕೆಳಗೆ, ಒಂದು ಕೋಲು ಮೇಲೆ ಇರುತ್ತದಲ್ಲ, ಅದಕ್ಕೆ ಎಣ್ಣೆಯ ಒತ್ತಡದ ಜೀವ ತುಂಬಿದವನು ಆತ. ಮಹೀಂದ್ರಾ, ಸ್ವರಾಜ್, ಜಾನ್ ಡಿಯರ್, ಸೋನಾಲಿಕಾ, ಯಾವುದೇ ಕಂಪನಿಯ ಟ್ರ್ಯಾಕ್ಟರಿನ ಬೆನ್ನ ಹಿಂದೆ ಹೋಗಿ ನಿಂತರೂ ಕಾಣುವುದು ಅದೇ ಮೂರು ಕೊಂಡಿ. ಕಂಡುಹಿಡಿದವನ ಹೆಸರು ಮಾತ್ರ ಮ್ಯಾಸ್ಸಿ ಫರ್ಗ್ಯೂಸನ್ ಎಂಬ ಜೋಡಿ ಹೆಸರಿನ ಬಾಲವಾಗಿ ಉಳಿದಿದೆ. ಅದು ಒಬ್ಬ ಮನುಷ್ಯನ ಹೆಸರು ಎಂದು ಎಷ್ಟೋ ಡ್ರೈವರುಗಳಿಗೆ ಗೊತ್ತಿಲ್ಲ.

ಹೊಲದ ಕೆಲಸ ಬೇಡವೆಂದ ಹುಡುಗ

ಹೆನ್ರಿ ಜಾರ್ಜ್ ಫರ್ಗ್ಯೂಸನ್, ಎಲ್ಲರ ಬಾಯಲ್ಲಿ ಹ್ಯಾರಿ, ಹುಟ್ಟಿದ್ದು 1884ರ ನವೆಂಬರ್ 4ರಂದು. ಊರು ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯ ಡ್ರೊಮೋರ್ ಹತ್ತಿರದ ಗ್ರೋವೆಲ್ ಎಂಬ ಹಳ್ಳಿ. ಹನ್ನೊಂದು ಮಕ್ಕಳ ತುಂಬಿದ ಮನೆ. ಹ್ಯಾರಿ ನಾಲ್ಕನೆಯವ. ಅಪ್ಪ ಜೇಮ್ಸ್ ರೈತ, ಧರ್ಮದ ವಿಷಯದಲ್ಲಿ ಬಲು ಕಟ್ಟುನಿಟ್ಟಿನ ಮನುಷ್ಯ. ಹುಡುಗನಿಗೆ ಹದಿನಾಲ್ಕು ತುಂಬುವಷ್ಟರಲ್ಲಿ ಶಾಲೆ ಮುಗಿಯಿತು, ಹೊಲ ಶುರುವಾಯಿತು.

ಆದರೆ ಹೊಲ ಈತನಿಗೆ ಒಗ್ಗಲಿಲ್ಲ. ಕುದುರೆಯ ಹಿಂದೆ ನೇಗಿಲು ಹಿಡಿದು ಕೆಸರಿನಲ್ಲಿ ನಡೆಯುವುದು, ಮೈ ಮುರಿಯುವ ದುಡಿತ, ಕೊನೆಗೆ ಕೈಗೆ ಬರುವುದು ಅಷ್ಟಕ್ಕಷ್ಟೇ. ಕೆನಡಾಗೆ ಹಡಗು ಹತ್ತಿಬಿಡುವ ಯೋಚನೆಯೂ ಇತ್ತು. ಅಷ್ಟರಲ್ಲಿ ಅಣ್ಣ ಜೋ ಬೆಲ್‌ಫಾಸ್ಟಿನಲ್ಲಿ ಸೈಕಲ್ ಮತ್ತು ಕಾರು ರಿಪೇರಿಯ ಅಂಗಡಿ ತೆರೆದಿದ್ದ. 1902ರಲ್ಲಿ ತಮ್ಮ ಅಲ್ಲಿಗೆ ಸೇರಿಕೊಂಡ. ಬೇಸಾಯ ಬೇಡವೆಂದು ಹೊಲ ಬಿಟ್ಟು ಓಡಿದವನೇ ಮುಂದೆ ಜಗತ್ತಿನ ಬೇಸಾಯದ ರೂಪ ಬದಲಿಸಿದ. ನಮ್ಮ ಗಡಿ ಹಳ್ಳಿಗಳಿಂದ ಗೋವಾದ ಕಾರ್ಖಾನೆಗಳಿಗೆ ಹೊರಟ ಹುಡುಗರ ಮನೆಯ ಹಿರಿಯರಿಗೆ ಇದು ಸ್ವಲ್ಪ ಸಮಾಧಾನದ ಸುದ್ದಿ ಆಗಬಹುದು.

ಎಂಜಿನ್ನು ಈತನ ಕೈಗೆ ಒಲಿಯಿತು. ಬೇರೆಯವರು ಬಿಟ್ಟ ಎಂಜಿನ್ನನ್ನೂ ಸದ್ದು ಕೇಳಿಯೇ ಸರಿಮಾಡುತ್ತಾನೆಂಬ ಹೆಸರು ಬಂತು. ಅಂಗಡಿಯ ಪ್ರಚಾರಕ್ಕೆಂದು ಮೋಟಾರ್ ಸೈಕಲ್ ರೇಸಿಗೆ ಇಳಿದ. ಅದೂ ಸಾಲದೆ ವಿಮಾನದ ಹುಚ್ಚು ಹತ್ತಿತು. ರೈಟ್ ಸಹೋದರರು ಹಾರಿ ಆಗಿನ್ನೂ ಆರೇ ವರ್ಷ. 1909ರ ಡಿಸೆಂಬರ್ 31ರಂದು, ಹಿಲ್ಸ್‌ಬರೋ ಎಂಬಲ್ಲಿ, ತಾನೇ ಕಟ್ಟಿದ ಒಂಟಿರೆಕ್ಕೆಯ ವಿಮಾನದಲ್ಲಿ ಸುಮಾರು 130 ಗಜ ದೂರ ಹಾರಿ ಇಳಿದ. ಐರ್ಲೆಂಡಿನ ನೆಲದಿಂದ ಎಂಜಿನ್ ಬಲದಲ್ಲಿ ಮೇಲೆದ್ದ ಮೊದಲ ಮನುಷ್ಯ ಎಂಬ ದಾಖಲೆ ಈತನದಾಯಿತು. ಮರುವರ್ಷ ಸಮುದ್ರದಂಡೆಯಲ್ಲಿ ಮೂರು ಮೈಲಿಯಷ್ಟು ಹಾರಿ ನೂರು ಪೌಂಡ್ ಬಹುಮಾನವನ್ನೂ ಗೆದ್ದ.

ಅಣ್ಣನಿಗೆ ಈ ಹಾರಾಟ ಹಿಡಿಸಲಿಲ್ಲ. ಜಗಳವಾಯಿತು. 1911ರಲ್ಲಿ ಹ್ಯಾರಿ ಬೇರೆ ಅಂಗಡಿ ಹಾಕಿದ. ಜಗಳವಾಡಿ ಹೊರನಡೆಯುವುದು ಈತನ ಬದುಕಿನಲ್ಲಿ ಇದು ಮೊದಲು, ಕೊನೆಯಂತೂ ಅಲ್ಲ. 1913ರಲ್ಲಿ ಮೌರೀನ್ ವಾಟ್ಸನ್ ಜೊತೆ ಮದುವೆ. ಮರುವರ್ಷ ಅಲ್‌ಸ್ಟರಿನ ರಾಜಕೀಯ ಕಾವೇರಿದಾಗ, ಲಾರ್ನ್ ಬಂದರಿಗೆ ಕದ್ದು ತಂದ ಬಂದೂಕುಗಳ ಸಾಗಣೆಯಲ್ಲೂ ಈತನ ಕೈ ಇತ್ತು. ಸಾಧು ಮನುಷ್ಯನೇನಲ್ಲ ಎಂಬುದು ಗೊತ್ತಿರಲಿ.

ಹಿಂದಕ್ಕೆ ಮಗುಚುವ ಯಂತ್ರ

ಮೊದಲ ಮಹಾಯುದ್ಧ ನಡೆದಿತ್ತು. ಆಹಾರದ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಇದ್ದ ನೆಲವನ್ನೆಲ್ಲ ಉಳಲೇಬೇಕಾದ ಕಾಲ. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆಯವರು ದೇಶದಲ್ಲಿರುವ ಟ್ರ್ಯಾಕ್ಟರುಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಹೊಣೆಯನ್ನು ಫರ್ಗ್ಯೂಸನ್‌ಗೆ ಒಪ್ಪಿಸಿದರು. ಜೊತೆಗೆ ಹೊರಟವನು ಅಂಗಡಿಯ ಮೆಕ್ಯಾನಿಕ್ ವಿಲಿಯಂ ಸ್ಯಾಂಡ್ಸ್. ಈ ಹೆಸರನ್ನು ಒಂದು ಕ್ಷಣ ನಿಂತು ನೆನೆಯಬೇಕು. ಮುಂದಿನ ಎಷ್ಟೋ ಸುಧಾರಣೆಗಳಲ್ಲಿ ಯೋಚನೆ ಫರ್ಗ್ಯೂಸನ್‌ದಾದರೆ, ಅದನ್ನು ಕಬ್ಬಿಣದಲ್ಲಿ ಮಾಡಿ ತೋರಿಸಿದ ಕೈ ಸ್ಯಾಂಡ್ಸ್‌ದು. ಟ್ರ್ಯಾಕ್ಟರಿನ ಮೂತಿಯ ಮೇಲೆ ಹೆಸರು ಬಂದದ್ದು ಯಜಮಾನನದು ಮಾತ್ರ.

ಇಬ್ಬರೂ ಊರೂರು ಸುತ್ತಿ ನೋಡಿದ್ದು ಒಂದೇ ತಪ್ಪು. ಟ್ರ್ಯಾಕ್ಟರ್ ಎಂದರೆ ಕಬ್ಬಿಣದ ಕುದುರೆ ಎಂದು ಜನ ತಿಳಿದಿದ್ದರು. ಕುದುರೆಗೆ ಕಟ್ಟುತ್ತಿದ್ದ ನೇಗಿಲನ್ನೇ ಸರಪಳಿ ಹಾಕಿ ಅದರ ಹಿಂದೆ ಕಟ್ಟುತ್ತಿದ್ದರು. ಚಕ್ರಕ್ಕೆ ಹಿಡಿತ ಸಿಗಲಿ ಎಂದು ಟ್ರ್ಯಾಕ್ಟರನ್ನು ಟನ್‌ಗಟ್ಟಲೆ ಭಾರ ಮಾಡುತ್ತಿದ್ದರು. ಭಾರಕ್ಕೆ ನೆಲ ಒತ್ತಿ ಗಟ್ಟಿಯಾಗುತ್ತಿತ್ತು.

ಅದಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ಹೆನ್ರಿ ಫೋರ್ಡ್ 1917ರಲ್ಲಿ ತಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಹಗುರ, ಅಗ್ಗ. ಆದರೆ ನೇಗಿಲಿನ ಕುಳ ನೆಲದೊಳಗಿನ ಬಂಡೆಗೋ ಬೇರಿಗೋ ಸಿಕ್ಕಿಕೊಂಡಿತೆನ್ನಿ. ಹಿಂದಿನ ಚಕ್ರ ಮುಂದೆ ಹೋಗಲಾರದು, ಎಂಜಿನ್ನು ನಿಲ್ಲುವುದಿಲ್ಲ. ಆಗ ತಿರುಗುವುದು ಟ್ರ್ಯಾಕ್ಟರಿನ ದೇಹವೇ. ಹಿಂದಿನ ಅಚ್ಚಿನ ಸುತ್ತ ಮೂತಿ ಮೇಲೆದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಯಂತ್ರ ಡ್ರೈವರನ ಮೇಲೆಯೇ ಮಗುಚಿ ಬೀಳುತ್ತಿತ್ತು. ಹೀಗೆ ಸತ್ತವರು ಅನೇಕರು.

ಇದು ಹಳೆಯ ಕಥೆ ಎಂದು ದಾಟಿ ಹೋಗುವಂತಿಲ್ಲ. ಕೆಸರಿನಲ್ಲಿ ಹೂತ ಕಬ್ಬಿನ ಟ್ರೇಲರನ್ನೋ ಮರದ ದಿಮ್ಮಿಯನ್ನೋ ಎಳೆಯಲು ಕೆಳಗಿನ ಕೊಕ್ಕೆ ಬಿಟ್ಟು ಟಾಪ್ ಲಿಂಕಿನ ಜಾಗಕ್ಕೆ ಸರಪಳಿ ಕಟ್ಟುವವರು ಇವತ್ತಿಗೂ ಇದ್ದಾರೆ. ಎಳೆತದ ಬಿಂದು ಹಿಂದಿನ ಅಚ್ಚಿಗಿಂತ ಮೇಲೆ ಹೋಯಿತೆಂದರೆ, 1917ರಲ್ಲಿ ಆದದ್ದೇ ಈಗಲೂ ಆಗುತ್ತದೆ. ಯಂತ್ರಕ್ಕೆ ವರ್ಷದ ಲೆಕ್ಕ ತಿಳಿಯುವುದಿಲ್ಲ.

ಫರ್ಗ್ಯೂಸನ್ ಮೊದಲು ಹೊಳೆಯಿಸಿಕೊಂಡದ್ದು ಇಷ್ಟು: ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಎಳೆಯುವುದಲ್ಲ, ಅದರ ಮೈಗೇ ಜೋಡಿಸಬೇಕು. ಎರಡೂ ಸೇರಿ ಒಂದೇ ಯಂತ್ರವಾಗಬೇಕು. 1917ರಲ್ಲೇ ಅಂಥ ಒಂದು ನೇಗಿಲು ತಯಾರಾಯಿತು. 1920ರಲ್ಲಿ ಹೊಸ ನೇಗಿಲನ್ನು ತೆಗೆದುಕೊಂಡು ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್‌ಗೆ ತೋರಿಸಿದ. ಫೋರ್ಡ್ ಈತನನ್ನು ಸಂಬಳಕ್ಕೆ ಇಟ್ಟುಕೊಳ್ಳಲು ನೋಡಿದ. ಈತ ಒಪ್ಪಲಿಲ್ಲ. ಪೇಟೆಂಟ್ ಮಾರುವುದಕ್ಕೂ ಒಪ್ಪಲಿಲ್ಲ. 1925ರಲ್ಲಿ ಶರ್ಮನ್ ಸಹೋದರರ ಜೊತೆ ಸೇರಿ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್ಲಿನಲ್ಲಿ ಫೋರ್ಡ್‌ಸನ್‌ಗೆ ಹೊಂದುವ ನೇಗಿಲು ಮಾಡುವ ಕಾರ್ಖಾನೆ ಹಾಕಿದ. ಮೂರೇ ವರ್ಷಕ್ಕೆ, 1928ರಲ್ಲಿ, ಫೋರ್ಡ್ ಅಮೆರಿಕದಲ್ಲಿ ಫೋರ್ಡ್‌ಸನ್ ಮಾಡುವುದನ್ನೇ ನಿಲ್ಲಿಸಿತು. ಟ್ರ್ಯಾಕ್ಟರೇ ಇಲ್ಲದ ಮೇಲೆ ನೇಗಿಲು ಯಾರಿಗೆ?

ಎಣ್ಣೆಗೆ ಬುದ್ಧಿ ಬಂದದ್ದು

ಅಷ್ಟರಲ್ಲಿ ಇನ್ನೊಂದು ಕೆಲಸ ಆಗಿತ್ತು. 1920ರ ದಶಕದ ನಡುವೆ ಫರ್ಗ್ಯೂಸನ್, ಸ್ಯಾಂಡ್ಸ್ ಮತ್ತು ಗೆಳೆಯರು ಮೈಗೆ ಜೋಡಿಸಿದ ನೇಗಿಲಿನ ಆಳವನ್ನು ತಾನಾಗಿಯೇ ನೋಡಿಕೊಳ್ಳುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಅದಕ್ಕೆ ಬಳಸಿದ್ದು ಎಣ್ಣೆಯ ಒತ್ತಡ, ಅಂದರೆ ನಾವೆಲ್ಲ ಹೈಡ್ರಾಲಿಕ್ ಎನ್ನುವುದು. ಈ ಮನುಷ್ಯನ ಬದುಕಿನ ತಿರುಳೇ ಅದಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ನೇಗಿಲು ನೆಲ ಸೀಳುತ್ತ ಹೋಗುವಾಗ ಮಣ್ಣು ಅದರ ಕೆಳಭಾಗವನ್ನು ಹಿಂದಕ್ಕೆ ತಳ್ಳುತ್ತದೆ. ಕೆಳಗಿನ ಎರಡು ತೋಳು ಅದನ್ನು ಹಿಡಿದು ಎಳೆಯುತ್ತವೆ. ಆದ್ದರಿಂದ ನೇಗಿಲಿನ ತಲೆ ಮುಂದಕ್ಕೆ ಬಾಗಲು ನೋಡುತ್ತದೆ, ಬಾಗಿದಾಗ ಮೇಲಿನ ಟಾಪ್ ಲಿಂಕನ್ನು ಟ್ರ್ಯಾಕ್ಟರಿನ ಕಡೆಗೆ ಒತ್ತುತ್ತದೆ. ಆ ಒತ್ತಡ ಒಂದು ದಪ್ಪ ಸ್ಪ್ರಿಂಗಿನ ಮೇಲೆ ಬೀಳುತ್ತದೆ. ಸ್ಪ್ರಿಂಗ್ ಎಷ್ಟು ಅದುಮಿತೋ ಅಷ್ಟು ಒಳಗಿನ ವಾಲ್ವ್ ಸರಿಯುತ್ತದೆ. ಮಣ್ಣು ಗಟ್ಟಿಯಾಗಿ ಎಳೆತ ಜಾಸ್ತಿಯಾದರೆ ಪಂಪು ಎಣ್ಣೆಯನ್ನು ಲಿಫ್ಟಿನ ಸಿಲಿಂಡರಿಗೆ ದಬ್ಬಿ ನೇಗಿಲನ್ನು ತುಸು ಮೇಲೆತ್ತುತ್ತದೆ. ಮಣ್ಣು ಸಡಿಲವಾದರೆ ತುಸು ಇಳಿಸುತ್ತದೆ. ಮೇಟಿ ಹಿಡಿದ ಅನುಭವಸ್ಥ ರೈತ ನೇಗಿಲನ್ನು ಅಂಗೈಯಿಂದ ಹೇಗೆ ಒತ್ತಿ ಸಡಿಲಿಸುತ್ತಿದ್ದನೋ ಅದೇ ಕೆಲಸ, ಕೈ ಮಾತ್ರ ಎಣ್ಣೆಯದು.

ಲಾಭ ಅಲ್ಲಿಗೇ ಮುಗಿಯಲಿಲ್ಲ. ಎತ್ತಿ ಹಿಡಿದ ನೇಗಿಲಿನ ಭಾರ, ಅದನ್ನು ಕೆಳಗೆ ಸೆಳೆಯುವ ಮಣ್ಣಿನ ಬಲ, ಎರಡೂ ಟ್ರ್ಯಾಕ್ಟರಿನ ಹಿಂದಿನ ಚಕ್ರದ ಮೇಲೆ ಬೀಳುತ್ತವೆ. ಕಬ್ಬಿಣ ಹೇರದೆಯೇ ಚಕ್ರಕ್ಕೆ ಹಿಡಿತ ಸಿಕ್ಕಿತು. ಟಾಪ್ ಲಿಂಕಿನ ಒತ್ತು ಮುಂದಕ್ಕೇ ಇರುವುದರಿಂದ ಮೂತಿ ಮೇಲೇಳುವುದಿಲ್ಲ. ಕುಳ ಬಂಡೆಗೆ ಬಡಿಯಿತೆಂದರೆ ಎಣ್ಣೆಯ ಒತ್ತಡ ಬಿಟ್ಟುಹೋಗಿ, ಚಕ್ರದ ಮೇಲಿನ ಭಾರ ಇಳಿದು, ಚಕ್ರಗಳು ಇದ್ದಲ್ಲೇ ತಿರುಗುತ್ತವೆ. ನೇಗಿಲೂ ಉಳಿಯಿತು, ಡ್ರೈವರನೂ ಉಳಿದ.

ಇಷ್ಟು ಒಳ್ಳೆಯದನ್ನು ಕೊಳ್ಳುವವರು ಮಾತ್ರ ಸಿಗಲಿಲ್ಲ. ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಸಾಕಾಗಿ, 1933ರಲ್ಲಿ ಸ್ವಂತ ಟ್ರ್ಯಾಕ್ಟರನ್ನೇ ಕಟ್ಟಿದರು. ಕಪ್ಪು ಬಣ್ಣ ಬಳಿದಿದ್ದರಿಂದ ಅದಕ್ಕೆ ಕಪ್ಪು ಟ್ರ್ಯಾಕ್ಟರ್ ಎಂದೇ ಹೆಸರು. ಲಂಡನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ. ಅದನ್ನು ನೋಡಿ ಗೇರ್ ತಯಾರಕ ಡೇವಿಡ್ ಬ್ರೌನ್ ಮುಂದೆ ಬಂದ. 1936ರಿಂದ ಫರ್ಗ್ಯೂಸನ್-ಬ್ರೌನ್ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. ಆದದ್ದು ಸುಮಾರು 1,350 ಮಾತ್ರ. ಬ್ರೌನ್‌ಗೆ ಇನ್ನೂ ಬಲವಾದ ದೊಡ್ಡ ಟ್ರ್ಯಾಕ್ಟರ್ ಬೇಕು, ಫರ್ಗ್ಯೂಸನ್‌ಗೆ ತನ್ನ ವಿನ್ಯಾಸದಲ್ಲಿ ಒಂದು ನಟ್ಟನ್ನೂ ಬದಲಿಸಲು ಇಷ್ಟವಿಲ್ಲ. ಮತ್ತೆ ಜಗಳ.

ಕಾಗದವಿಲ್ಲದ ಒಪ್ಪಂದ

1938ರ ಅಕ್ಟೋಬರ್. ಬ್ರೌನ್‌ಗೆ ಹೇಳದೆ ಒಂದು ಟ್ರ್ಯಾಕ್ಟರನ್ನು ಹಡಗಿಗೆ ಹಾಕಿಸಿ ಫರ್ಗ್ಯೂಸನ್ ಅಮೆರಿಕದ ಡಿಯರ್‌ಬಾರ್ನ್‌ಗೆ ಹೋದ. ಹೆನ್ರಿ ಫೋರ್ಡ್‌ಗೆ ಆಗ 75 ವರ್ಷ. ಆತನೂ ರೈತನ ಮಗ, ಆತನೂ ಹೊಲದ ದುಡಿತ ಬೇಸತ್ತು ಓಡಿ ಬಂದವನು. ಅಲ್ಲೇ ಹೊಲದಲ್ಲಿ ಬೇರೆ ಟ್ರ್ಯಾಕ್ಟರುಗಳ ಪಕ್ಕದಲ್ಲಿ ಈ ಪುಟ್ಟ ಯಂತ್ರ ಉತ್ತು ತೋರಿಸಿತು. ಉಳಿದವು ತಿಣುಕಿದವು, ಇದು ನಿರಾಯಾಸವಾಗಿ ಸಾಗಿತು. ಮೇಜು ಕುರ್ಚಿಗಳನ್ನು ಹೊಲಕ್ಕೇ ತರಿಸಿದರು. ಕೀಲಿ ಕೊಟ್ಟರೆ ಓಡುವ ಆಟಿಕೆ ಟ್ರ್ಯಾಕ್ಟರೊಂದನ್ನು ಮೇಜಿನ ಮೇಲಿಟ್ಟು ಫರ್ಗ್ಯೂಸನ್ ತನ್ನ ತತ್ತ್ವ ವಿವರಿಸಿದ.

ಇಬ್ಬರೂ ಎದ್ದು ಕೈಕುಲುಕಿದರು. ಟ್ರ್ಯಾಕ್ಟರ್ ಮಾಡುವುದು ಫೋರ್ಡ್, ಮಾರುವುದು ಫರ್ಗ್ಯೂಸನ್, ವಿನ್ಯಾಸದ ಮಾತು ಫರ್ಗ್ಯೂಸನ್‌ದೇ ಕೊನೆ. ಯಾರಿಗೆ ಬೇಡವೆನಿಸಿದರೂ ಕಾರಣ ಕೊಡದೆ ಬಿಡಬಹುದು. ಇಷ್ಟೇ ಕರಾರು. ವಕೀಲರಿಲ್ಲ, ಸಹಿಯಿಲ್ಲ, ಒಂದು ಚೂರು ಕಾಗದವೂ ಇಲ್ಲ. ಗಡಿ ಹಳ್ಳಿಗಳಲ್ಲಿ ಪಾಲಿಗೆ ಹೊಲ ಕೊಟ್ಟು, ಮಾತಿನ ಮೇಲೆ ನಂಬಿ, ಮುದುಕರ ಕಾಲ ಮುಗಿದ ಮೇಲೆ ಮಕ್ಕಳು ಕೋರ್ಟು ಮೆಟ್ಟಿಲು ಹತ್ತಿದ ಕಥೆಗಳನ್ನು ಕೇಳಿದವರಿಗೆ ಮುಂದೇನಾಯಿತೆಂದು ಊಹಿಸುವುದು ಕಷ್ಟವಲ್ಲ.

1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಫರ್ಗ್ಯೂಸನ್ ಪದ್ಧತಿಯೊಂದಿಗೆ ಹೊರಬಂತು. ಬೆಲೆ 585 ಡಾಲರ್. ಹ್ಯಾಂಡಲ್ ಹಾಕಿ ತಿರುವಿ ಕೈ ಮುರಿದುಕೊಳ್ಳುವ ಕಷ್ಟವಿಲ್ಲದೆ, 6 ವೋಲ್ಟಿನ ಬ್ಯಾಟರಿಯಿಂದ ಸೆಲ್ಫ್ ಹೊಡೆಯುತ್ತಿತ್ತು. ಹೆಂಗಸರು, ಹುಡುಗರು ಕೂಡ ಉಳಬಹುದೆಂಬುದೇ ಅದರ ಪ್ರಚಾರ. ಯುದ್ಧ ಬಂತು, ಗಂಡಸರು ದಂಡಿಗೆ ಹೋದರು, ಆ ಪ್ರಚಾರ ನಿಜವೇ ಆಯಿತು. 1947ರ ಹೊತ್ತಿಗೆ ಈ ಸಾಲಿನ ಟ್ರ್ಯಾಕ್ಟರುಗಳು 3 ಲಕ್ಷ ದಾಟಿದ್ದವು.

ಮುದುಕ ಫೋರ್ಡ್ 1945ರಲ್ಲಿ ಅಧಿಕಾರ ಬಿಟ್ಟ. 1947ರ ಏಪ್ರಿಲಿನಲ್ಲಿ ತೀರಿಕೊಂಡ. ಗದ್ದುಗೆಗೆ ಬಂದ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡ್ ಲೆಕ್ಕದ ಪುಸ್ತಕ ತೆರೆದು ನೋಡಿದ. ಟ್ರ್ಯಾಕ್ಟರ್ ಮಾಡಿ ಮಾಡಿ ತಮಗೆ ನಷ್ಟ, ಮಾರುವ ಫರ್ಗ್ಯೂಸನ್‌ಗೆ ಲಾಭ. 1946ರ ಕೊನೆಯಲ್ಲೇ ಸಂಬಂಧ ಮುಗಿಯಿತೆಂದು ತಿಳಿಸಿದ. ಕೈಕುಲುಕಿನ ಕರಾರಿನಲ್ಲೇ ಅದಕ್ಕೆ ಅವಕಾಶವಿತ್ತಲ್ಲ! ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅದೇ ಹೈಡ್ರಾಲಿಕ್ ಪದ್ಧತಿಯನ್ನು ಇಟ್ಟುಕೊಂಡೇ 8ಎನ್ ಎಂಬ ಹೊಸ ಟ್ರ್ಯಾಕ್ಟರನ್ನು ಫೋರ್ಡ್ ತಾನೇ ಮಾರತೊಡಗಿತು. 1948ರಲ್ಲಿ ಫರ್ಗ್ಯೂಸನ್ 25 ಕೋಟಿ 10 ಲಕ್ಷ ಡಾಲರಿನ ದಾವೆ ಹೂಡಿದ. ನಾಲ್ಕು ವರ್ಷ ಎಳೆದಾಡಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಫೋರ್ಡ್ ಕೆಲವು ಹೈಡ್ರಾಲಿಕ್ ಭಾಗಗಳ ವಿನ್ಯಾಸವನ್ನು ಬಿಡಬೇಕಾಯಿತು. ಫರ್ಗ್ಯೂಸನ್ ಅದನ್ನು ಗೆಲುವೆಂದೇ ಸಾರಿದ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರ ನೋಡಿದರೆ ಹಾಗೆನ್ನುವುದು ಕಷ್ಟ.

ಪುಟ್ಟ ಬೂದು ಟ್ರ್ಯಾಕ್ಟರ್

ದಾವೆ ನಡೆದಾಗ ಈತ ಸುಮ್ಮನೆ ಕೂತಿರಲಿಲ್ಲ. 1946ರಲ್ಲೇ ಇಂಗ್ಲೆಂಡಿನ ಕವೆಂಟ್ರಿಯ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ, ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯವರ ಕೈಯಲ್ಲಿ, ಟಿಇ20 ಎಂಬ ಟ್ರ್ಯಾಕ್ಟರ್ ತಯಾರಾಗತೊಡಗಿತು. ಬೂದು ಬಣ್ಣ, ಸುಮಾರು ಒಂದು ಟನ್ ತೂಕ. 1956ರವರೆಗೆ 5 ಲಕ್ಷ 17 ಸಾವಿರಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಹೊರಬಂದವು. ಬ್ರಿಟನ್ನಿನ ರೈತರು ಅದನ್ನು ಮುದ್ದಿನಿಂದ ಪುಟ್ಟ ಬೂದು ಫರ್ಗಿ ಎನ್ನುತ್ತಾರೆ. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವಕ್ಕೆ ಹೋದದ್ದೂ ಇವುಗಳ ಮೇಲೆಯೇ. ಚಕ್ರಕ್ಕೆ ಪಟ್ಟಾ ಸುತ್ತಿದ ಮೂರು ಫರ್ಗ್ಯೂಸನ್ ಟ್ರ್ಯಾಕ್ಟರುಗಳು 1958ರ ಜನವರಿ 4ರಂದು ಧ್ರುವ ಮುಟ್ಟಿದವು.

ಹಳೆಯ ಟ್ರ್ಯಾಕ್ಟರನ್ನು ಚಾಲೂ ಇಟ್ಟುಕೊಳ್ಳಬೇಕೆನ್ನುವವರಿಗೆ ಈ ಯಂತ್ರ ಒಂದು ಪಾಠಶಾಲೆ. ಫರ್ಗ್ಯೂಸನ್ ವಿಪರೀತ ಅಚ್ಚುಕಟ್ಟಿನ ಮನುಷ್ಯ. ಟ್ರ್ಯಾಕ್ಟರಿನ ಮತ್ತು ಅದರ ಸಲಕರಣೆಗಳ ಹೆಚ್ಚಿನ ನಟ್ಟುಗಳೆಲ್ಲ ಎರಡೇ ಅಳತೆಯವು. ಎರಡು ತಲೆಯ ಒಂದೇ ಪಾನಾ ಸಾಕು. ಆ ಪಾನಾದ ಮೇಲೆ ಇಂಚಿನ ಗೆರೆಗಳೂ ಇದ್ದವು, ಸಾಲಿನ ಅಗಲ ಅಳೆಯಲು ಬೇರೆ ಪಟ್ಟಿ ಹುಡುಕಬೇಕಿರಲಿಲ್ಲ. ಹೊಲದ ನಡುವೆ ನಿಂತ ರೈತನ ಹತ್ತಿರ ಏನಿರುತ್ತದೆ, ಏನಿರುವುದಿಲ್ಲ ಎಂಬುದು ಈತನಿಗೆ ಗೊತ್ತಿತ್ತು.

ಸೆಲ್ಫ್ ಹೊಡೆಯುವ ಕ್ರಮವೂ ಹಾಗೆಯೇ. ಟಿಇ20ರಲ್ಲಿ ಸೆಲ್ಫ್‌ಗೆ ಬೇರೆ ಗುಂಡಿಯಿಲ್ಲ. ಗೇರಿನ ಕೋಲನ್ನೇ ಒಂದು ಗೊತ್ತಾದ ಜಾಗಕ್ಕೆ ತಳ್ಳಿದರೆ ಸೆಲ್ಫ್ ತಿರುಗುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಗೇರಿನಲ್ಲಿರುವಾಗ ಸ್ಟಾರ್ಟ್ ಆಗುವ ಮಾತೇ ಇಲ್ಲ. ಮುಂದಿನ ಮಾದರಿಗಳಲ್ಲಿ ರೂಪ ಬದಲಾಯಿತು, ಉದ್ದೇಶ ಅದೇ ಉಳಿಯಿತು. ಸ್ವಿಚ್ಚು ಕೆಟ್ಟಾಗ ಅದನ್ನು ದಾಟಿಸಿ ನೇರ ವೈರು ಎಳೆದು ಗುಂಡಿ ಕೂರಿಸುವ ಮಿಸ್ತ್ರಿಗಳಿದ್ದಾರೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸಿ ಸೆಲ್ಫ್ ತಿರುಗಿಸುವವರೂ ಇದ್ದಾರೆ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಅಲ್ಲಿಂದಲೇ ಜಿಗಿಯುತ್ತದೆ, ಜಿಗಿಯುವುದು ಚಕ್ರದ ಪಕ್ಕ ನಿಂತವನ ಮೇಲೆ.

ಆ ಕಾಲದ ಲೂಕಾಸ್ ವೈರಿಂಗಿನಲ್ಲಿ ಇನ್ನೊಂದು ವಿಶೇಷವಿದೆ. ಟಿಇ20ರಲ್ಲಿ ಬ್ಯಾಟರಿ 12 ವೋಲ್ಟಿನದು, ಬಾಡಿಗೆ ಅರ್ಥ್ ಆಗಿರುವುದು ಪಾಸಿಟಿವ್ ತುದಿ. ಈಗಿನ ಗಾಡಿಗಳಲ್ಲಿ ಅದು ತಲೆಕೆಳಗು, ನೆಗೆಟಿವ್ ಅರ್ಥ್. ಗೊತ್ತಿಲ್ಲದೆ ಬ್ಯಾಟರಿ ತಿರುಗಿಸಿ ಕಟ್ಟಿದರೆ ಪೇಚಾಟ ಶುರು. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿಸಿದ ಗಾಡಿಯಾದರೆ ಒಳಗಿನ ಡಯೋಡ್ ಸುಟ್ಟೇ ಹೋಗುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಇದಕ್ಕಿಂತ ಸಾಮಾನ್ಯವಾದ ಕಾಯಿಲೆ ಅರ್ಥ್ ಪಟ್ಟಿಯದು. ಬ್ಯಾಟರಿಯಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಪಟ್ಟಿಯ ಕೆಳಗೆ ತುಕ್ಕೋ ಹೊಸ ಬಣ್ಣವೋ ಸೇರಿದರೆ ಕರೆಂಟು ಹಾಯುವುದಿಲ್ಲ. ಸೆಲ್ಫ್ ನರಳುತ್ತದೆ, ಲೈಟು ಮಂಕಾಗುತ್ತದೆ, ಮಾಲೀಕ ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿಯುತ್ತಾನೆ. ಪಟ್ಟಿ ಬಿಚ್ಚಿ, ಕಬ್ಬಿಣ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಮುಗಿಯುವ ಕೆಲಸ ಅದು.

ಇನ್ನು ಲಿಫ್ಟು. ಟಿಇ20ರ ಹೈಡ್ರಾಲಿಕ್ ಪಂಪು ಹೊರಗೆಲ್ಲೂ ಕಾಣುವುದಿಲ್ಲ, ಗೇರಿನ ಪೆಟ್ಟಿಗೆಯ ಹಿಂದೆ ಎಣ್ಣೆಯಲ್ಲೇ ಮುಳುಗಿ ಕೂತಿದೆ. ಅದನ್ನು ತಿರುಗಿಸುವುದು ಪಿಟಿಒ ಶಾಫ್ಟು. ಪಿಟಿಒ ಲಿವರ್ ಹಾಕಿರದಿದ್ದರೆ, ಅಥವಾ ಕ್ಲಚ್ಚು ಒತ್ತಿ ಹಿಡಿದಿದ್ದರೆ, ಲಿಫ್ಟ್ ಏಳುವುದೇ ಇಲ್ಲ. ಪಂಪು ಕೆಟ್ಟಿತೆಂದು ಗಾಡಿ ಬಿಚ್ಚುವ ಮೊದಲು ಇದನ್ನು ನೋಡಬೇಕು. ಗೇರಿಗೂ ಲಿಫ್ಟಿಗೂ ಇರುವುದು ಒಂದೇ ಎಣ್ಣೆ ಎಂಬುದು ಎರಡನೆಯ ಮಾತು. ಗೇರು ಸವೆದ ಪುಡಿ, ಮಳೆಗಾಲದಲ್ಲಿ ಇಳಿದ ನೀರು, ಎಲ್ಲವೂ ಪಂಪಿನ ವಾಲ್ವಿಗೇ ಹೋಗಿ ಸೇರುತ್ತವೆ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರಿದೆ ಎಂದೇ ಅರ್ಥ. ಮೇಲೆ ಸುರಿದು ತುಂಬಿಸುವುದು ಮದ್ದಲ್ಲ, ಪೂರ್ತಿ ಖಾಲಿ ಮಾಡಿ ಬದಲಿಸಬೇಕು. ಎಂಜಿನ್ನು ನಿಲ್ಲಿಸಿದ ಮೇಲೆ ಎತ್ತಿಟ್ಟ ನೇಗಿಲು ತಾನಾಗಿ ಬೇಗ ಕೆಳಗಿಳಿದರೆ ಸಿಲಿಂಡರಿನ ಪಿಸ್ಟನ್ ರಿಂಗೋ ವಾಲ್ವೋ ಸವೆದಿದೆ. ಎತ್ತಿದ ಸಲಕರಣೆಯ ಕೆಳಗೆ ತಲೆ ಹಾಕಿ ರಿಪೇರಿ ಮಾಡುವ ಧೈರ್ಯ ಮಾತ್ರ ಯಾರೂ ತೋರಬಾರದು. ಒಂದೋ ನೆಲಕ್ಕೆ ಇಳಿಸಬೇಕು, ಇಲ್ಲವೇ ಮರದ ಗಟ್ಟಿ ದಿಮ್ಮಿ ಕೊಡಬೇಕು. ಎಣ್ಣೆಯನ್ನು ನಂಬಿ ಮೈ ಕೊಡುವಂತಿಲ್ಲ.

ನಾಣ್ಯ ಚಿಮ್ಮಿದ ದಿನ

1953ರಲ್ಲಿ ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಕಂಪನಿ ಫರ್ಗ್ಯೂಸನ್ ಕಂಪನಿಯನ್ನು ತನ್ನಲ್ಲಿ ಸೇರಿಸಿಕೊಂಡಿತು. ಬೆಲೆಯಲ್ಲಿ 10 ಲಕ್ಷ ಡಾಲರಿನ ಎಳೆದಾಟ ಬಂತು. 1 ಕೋಟಿ 70 ಲಕ್ಷವೋ, 1 ಕೋಟಿ 60 ಲಕ್ಷವೋ? ನಾಣ್ಯ ಚಿಮ್ಮಿಬಿಡೋಣ ಎಂದಾಯಿತು. ಚಿಮ್ಮಿದರು, ಫರ್ಗ್ಯೂಸನ್ ಸೋತ. ಕೋರ್ಟಿನಲ್ಲಿ ಕಾಸು ಕಾಸಿಗೆ ನಾಲ್ಕು ವರ್ಷ ಹೊಡೆದಾಡಿದ ಅದೇ ಮನುಷ್ಯ ಒಂದು ನಾಣ್ಯಕ್ಕೆ 10 ಲಕ್ಷ ಬಿಟ್ಟುಕೊಟ್ಟ. ಈ ಸ್ವಭಾವಕ್ಕೆ ಏನನ್ನಬೇಕೋ ತಿಳಿಯದು. ಹೊಸ ಕಂಪನಿಯ ಅಧ್ಯಕ್ಷ ಪದವಿ ಸಿಕ್ಕಿತು, ಮರುವರ್ಷವೇ ಅಲ್ಲಿಂದಲೂ ಹೊರನಡೆದ. 1958ರಿಂದ ಕಂಪನಿಯ ಹೆಸರು ಮ್ಯಾಸ್ಸಿ ಫರ್ಗ್ಯೂಸನ್ ಎಂದಾಯಿತು. ಹೆಸರಿನ ಒಡೆಯ ಆಗ ಅದರಲ್ಲಿ ಯಾರೂ ಅಲ್ಲ.

ಈತನಿಗೆ ಒಂದು ದೊಡ್ಡ ನಂಬಿಕೆಯಿತ್ತು. ಆಹಾರ ಅಗ್ಗವಾದರೆ ಬಡತನ ಹೋಗುತ್ತದೆ, ಬಡತನ ಹೋದರೆ ಯುದ್ಧವೂ ಹೋಗುತ್ತದೆ. ಹೊಲದಲ್ಲಿ ದುಡಿಯುವ ಕುದುರೆ ಎತ್ತುಗಳು ತಾವು ಉತ್ತದ್ದರಲ್ಲಿ ಒಂದು ಪಾಲನ್ನು ತಾವೇ ತಿಂದು ಮುಗಿಸುತ್ತವೆ, ಆದ್ದರಿಂದ ಸಣ್ಣ ರೈತನಿಗೂ ಟ್ರ್ಯಾಕ್ಟರ್ ಸಿಗಬೇಕು ಎಂಬುದು ಅದರ ಲೆಕ್ಕ. ಎತ್ತು ಸಗಣಿ ಕೊಡುತ್ತದೆ, ಟ್ರ್ಯಾಕ್ಟರ್ ಸಾಲ ಕೊಡುತ್ತದೆ ಎಂಬ ನಮ್ಮ ಕಡೆಯ ಲೆಕ್ಕ ಆತನಿಗೆ ತಿಳಿದಿದ್ದಂತಿಲ್ಲ. ಖಾಜನ್ ಗದ್ದೆಯ ಸಣ್ಣ ತುಂಡುಗಳಲ್ಲಿ ನಾಂಗರ್ ಹೋದ ಜಾಗಕ್ಕೆ ಬಂದದ್ದು ಬಹುಪಾಲು ಪವರ್ ಟಿಲ್ಲರು.

ಕೊನೆಯ ವರ್ಷಗಳು ಸುಖದವಲ್ಲ. ಮಗಳು ಬೆಟ್ಟಿ ಒಬ್ಬಳೇ. ಕಾರಿನ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಪದ್ಧತಿಯ ಮೇಲೆ ಸ್ವಂತ ಹಣ ಸುರಿದ. ಕಾರು ಕಂಪನಿಗಳು ಕೈ ಚಾಚಲಿಲ್ಲ. ಖಿನ್ನತೆ ಕಾಡಿತು, ನಿದ್ದೆ ದೂರವಾಯಿತು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಸ್ಟೋ-ಆನ್-ದ-ವೋಲ್ಡ್ ಬಳಿಯ ಮನೆಯಲ್ಲಿ ಸತ್ತು ಬಿದ್ದಿದ್ದ. ನಿದ್ದೆಮಾತ್ರೆ ಹೆಚ್ಚಾಗಿತ್ತು. ಅದು ಕೈತಪ್ಪಿ ಆದದ್ದೋ ಬೇಕೆಂದು ಮಾಡಿಕೊಂಡದ್ದೋ ಎಂದು ವಿಚಾರಣೆ ತೀರ್ಮಾನಿಸಲಿಲ್ಲ. ವಯಸ್ಸು 75. ಮರುವರ್ಷ, 1961ರ ಸೆಪ್ಟೆಂಬರಿನಲ್ಲಿ, ಈತನ ನಾಲ್ಕು ಚಕ್ರದ ಪದ್ಧತಿಯ ಪಿ99 ರೇಸ್ ಕಾರನ್ನು ಓಡಿಸಿ ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕಿನ ಗೋಲ್ಡ್ ಕಪ್ ಗೆದ್ದ.

ಆತ ಸತ್ತ ಅದೇ 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿತು. ಮ್ಯಾಸ್ಸಿ ಫರ್ಗ್ಯೂಸನ್ ಸಹಯೋಗದಲ್ಲಿ ಅಲ್ಲಿ ತಯಾರಾದ ಟ್ರ್ಯಾಕ್ಟರುಗಳು ಬೆಳಗಾವಿ, ಧಾರವಾಡ, ಕಾರವಾರದ ಕಡೆಗೂ ಬಂದವು. ಮರುವರ್ಷದ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಗಿ ಗಡಿಯ ಪಹರೆ ಹೋಯಿತು. ಟಾಫೆಯ ಎಂಎಫ್ 1035 ಎಂಬ ಕೆಂಪು ಗಾಡಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆಮಾತು. ಅದರ ಸೀಟಿನ ಬಲಗಡೆ ಎರಡು ಲಿವರುಗಳಿವೆ. ಒಂದು ಸಲಕರಣೆಯನ್ನು ಇಷ್ಟೇ ಎತ್ತರದಲ್ಲಿ ನಿಲ್ಲಿಸುವುದಕ್ಕೆ, ಇನ್ನೊಂದು ಮಣ್ಣಿನ ಎಳೆತಕ್ಕೆ ತಕ್ಕಂತೆ ಆಳ ಹೊಂದಿಸುವುದಕ್ಕೆ. ಬಹಳ ಡ್ರೈವರುಗಳು ಮೊದಲನೆಯದನ್ನು ಮಾತ್ರ ಮುಟ್ಟುತ್ತಾರೆ. ಗ್ರೋವೆಲ್ಲಿನ ರೈತನ ಮಗ ಜೀವಮಾನವಿಡೀ ಹೊಡೆದಾಡಿದ್ದು ಎರಡನೆಯದಕ್ಕಾಗಿ.